ಕಥೆ ಗೊತ್ತಿದ್ದೂ ಮತ್ತೆ ನೋಡುವ ಚಿತ್ರಗಳು

ಸಭೆಯ ಅಧ್ಯಕ್ಷರೆ, ಹಿರಿಯರೆ, ಶಿರಸಿ ಮತ್ತು ಸುತ್ತಲಿನ ಊರುಗಳಿಂದ ಬಂದಿರುವ ಗೆಳೆಯರೆ,

ಚಿತ್ರರಂಗಕ್ಕೆ ಸೇರದ, ಚಲನಚಿತ್ರ ಶಾಸ್ತ್ರವನ್ನು ಕ್ರಮವಾಗಿ ಅಭ್ಯಾಸ ಮಾಡದ ಒಬ್ಬ ಪ್ರೇಕ್ಷಕನ ಅನಿಸಿಕೆಗಳನ್ನು ಕೇಳಲು ನೀವು ಕುಳಿತಿದ್ದೀರಿ. ಪೇಟೆಯ ಟಾಕೀಸಿನಲ್ಲಿ, ಮನೆಯ ಟೀವಿಯಲ್ಲಿ, ಈಚಿನ ವರ್ಷಗಳಲ್ಲಿ ಮೊಬೈಲಿನಲ್ಲಿ, ಭಾಷೆಯ ಭೇದ ಮಾಡದೆ, ಹಳತು ಹೊಸತು ಎನ್ನದೆ, ಸಿಕ್ಕಿದ್ದನ್ನು ನೋಡುತ್ತ ಬಂದವನು ನಾನು. ನೋಡಿದ್ದರಲ್ಲಿ ಬಹುಪಾಲು ಮರೆತುಹೋಗಿದೆ. ಕೆಲವು ಮಾತ್ರ ಮನಸ್ಸಿನಲ್ಲಿ ಗಟ್ಟಿಯಾಗಿ ಕೂತಿವೆ. ಇವೇ ಯಾಕೆ ಉಳಿದವು, ಮಿಕ್ಕವು ಯಾಕೆ ಹೋದವು ಎಂದು ಯೋಚಿಸಿದಾಗ ನನಗೆ ಸಿಕ್ಕಿದ ಅಳತೆಗೋಲು ಸಿನಿಮಾದ್ದಲ್ಲ, ನಮ್ಮ ಯಕ್ಷಗಾನದ್ದು. ಅದನ್ನು ಮೊದಲು ನಿಮ್ಮ ಮುಂದಿಟ್ಟು, ಆಮೇಲೆ ಒಂದೊಂದೇ ಚಿತ್ರದ, ಧಾರಾವಾಹಿಯ ಮಾತಿಗೆ ಬರುತ್ತೇನೆ.

ನಮ್ಮ ಜಿಲ್ಲೆಯಲ್ಲಿ ಯಕ್ಷಗಾನದ ಆಟಕ್ಕೆ ಹೋಗುವವರು ಕಥೆ ತಿಳಿಯಲಿಕ್ಕೆಂದು ಹೋಗುವುದಿಲ್ಲ. ‘ಕೃಷ್ಣ ಸಂಧಾನ’ದಲ್ಲಿ ಸಂಧಾನ ಮುರಿದುಬೀಳುತ್ತದೆ, ‘ಗದಾಯುದ್ಧ’ದಲ್ಲಿ ಕೌರವನ ತೊಡೆ ಮುರಿಯುತ್ತದೆ ಎಂಬುದು ಎದುರು ಸಾಲಿನಲ್ಲಿ ಕಂಬಳಿ ಹೊದ್ದು ಕೂತ ಹುಡುಗನಿಗೂ ಗೊತ್ತಿರುತ್ತದೆ. ಆದರೂ ಬೆಳಗು ಹರಿಯುವ ತನಕ ಯಾರೂ ಏಳುವುದಿಲ್ಲ. ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಭಸ್ಮಾಸುರ ಕೊನೆಗೆ ತನ್ನ ಕೈಯನ್ನು ತನ್ನ ತಲೆಯ ಮೇಲೇ ಇಟ್ಟುಕೊಳ್ಳುತ್ತಾನೆ ಎಂದು ತಿಳಿದಿದ್ದೇ ಜನ ಗದ್ದೆ ದಾಟಿ, ಹೊಳೆ ದಾಟಿ ಬರುತ್ತಿದ್ದರು. ಆ ಕೈ ತಲೆಗೆ ಹೋಗುವ ತನಕದ ದಾರಿಯನ್ನು ಅವರು ಇವತ್ತು ಹೇಗೆ ಕುಣಿಯುತ್ತಾರೆ, ಮೋಹಿನಿಯ ಎದುರು ಆ ರಕ್ಕಸನ ಮದ ಹೇಗೆ ಹಂತಹಂತವಾಗಿ ಮರುಳಾಗಿ ಕರಗುತ್ತದೆ ಎಂಬುದಷ್ಟೇ ನೋಡುವ ಸಂಗತಿಯಾಗಿತ್ತು. ಕೆರೆಮನೆಯ ಮಹಾಬಲ ಹೆಗಡೆಯವರ, ಶಂಭು ಹೆಗಡೆಯವರ ವೇಷಗಳ ಬಗ್ಗೆ ಹಿರಿಯರು ಈಗಲೂ ಚರ್ಚೆ ಮಾಡುವಾಗ ಕಥೆಯ ಸುದ್ದಿ ಎತ್ತುವುದಿಲ್ಲ. ಒಂದು ಪದ್ಯಕ್ಕೆ ಇವರು ಏನು ಮಾಡಿದರು, ಅವರು ಏನು ಮಾಡಿದರು ಎಂಬ ಮಾತೇ ನಡೆಯುತ್ತದೆ. ತಾಳಮದ್ದಳೆಯಲ್ಲಂತೂ ವೇಷವೂ ಇಲ್ಲ, ಕುಣಿತವೂ ಇಲ್ಲ. ಪದ್ಯ ಅದೇ, ಪ್ರಸಂಗ ಅದೇ, ಅರ್ಥ, ಅಂದರೆ ಪದ್ಯವನ್ನು ಹಿಡಿದು ಅರ್ಥಧಾರಿ ಕೂತಲ್ಲೇ ಆಡುವ ಮಾತು, ಮಾತ್ರ ಪ್ರತಿ ರಾತ್ರಿ ಹೊಸದು.

ಇಂಥ ನೋಟದಲ್ಲಿ ಬೆಳೆದವರಿಗೆ, ಸಿನಿಮಾದ ಕಥೆಯನ್ನು ಮೊದಲೇ ಹೇಳಿಬಿಟ್ಟರೆ ಸಿನಿಮಾವೇ ಕೆಟ್ಟುಹೋಯಿತು ಎನ್ನುವ ಇಂದಿನ ಕಾತರ ಸ್ವಲ್ಪ ವಿಚಿತ್ರವಾಗಿ ಕಾಣುತ್ತದೆ. ಚಿತ್ರ ಬಿಡುಗಡೆಯಾದ ದಿನ ತರುಣರು ಕಿವಿ ಮುಚ್ಚಿಕೊಂಡು ಓಡಾಡುವುದನ್ನು ನಾನು ನೋಡಿದ್ದೇನೆ. ಅವರ ಕುತೂಹಲವನ್ನು ನಾನು ಗೌರವಿಸುತ್ತೇನೆ. ಮೊದಲ ಸಲದ ಬೆರಗು ಒಂದೇ ಸಲ ಸಿಗುವಂಥದ್ದು, ಅದನ್ನು ಕಸಿಯಬಾರದು. ಆದರೆ ಕಥೆ ತಿಳಿದ ಕೂಡಲೇ ಪೂರ್ತಿ ಖಾಲಿಯಾಗುವ ಚಿತ್ರದಲ್ಲಿ ಕಥೆಯ ಗುಟ್ಟಿನ ಹೊರತು ಬೇರೇನೂ ಇರಲಿಲ್ಲ ಎಂದೇ ನನ್ನ ತೀರ್ಮಾನ. ಎರಡನೆಯ ಸಲ ನೋಡುವಾಗ ಏನು ಉಳಿಯುತ್ತದೆ? ನಾನು ಪ್ರತಿ ಚಿತ್ರಕ್ಕೂ ಕೇಳುವುದು ಇದೊಂದೇ ಪ್ರಶ್ನೆ.

ಯಕ್ಷಗಾನದ ಪ್ರಸಂಗವೂ ಆಗಿ, ಸಿನಿಮಾವೂ ಆಗಿರುವ ಕಥೆಯಿಂದಲೇ ಆರಂಭಿಸುವುದು ಸರಿ. ಹುಣಸೂರು ಕೃಷ್ಣಮೂರ್ತಿಯವರು ನಿರ್ದೇಶಿಸಿದ ‘ಬಭ್ರುವಾಹನ’ 1977ರಲ್ಲಿ ಬಂತು. ಅರ್ಜುನನೂ ಡಾ. ರಾಜಕುಮಾರ್, ಮಗ ಬಭ್ರುವಾಹನನೂ ಡಾ. ರಾಜಕುಮಾರ್. ಅಶ್ವಮೇಧದ ಕುದುರೆಯನ್ನು ಕಟ್ಟಿಹಾಕಿದ ಮಗನಿಂದ ತಂದೆ ಸಾಯುತ್ತಾನೆ, ಮತ್ತೆ ಬದುಕುತ್ತಾನೆ ಎಂಬುದನ್ನು ‘ಬಭ್ರುವಾಹನ ಕಾಳಗ’ ನೋಡಿದ ನಮ್ಮ ಕಡೆಯವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವರು ಕಾದದ್ದು ಯುದ್ಧಕ್ಕೆ ಮುಂಚಿನ ಆ ವಾದಕ್ಕೆ, ಟಿ.ಜಿ. ಲಿಂಗಪ್ಪನವರ ಸಂಗೀತದಲ್ಲಿ ರಾಜಕುಮಾರ್ ಮತ್ತು ಪಿ.ಬಿ. ಶ್ರೀನಿವಾಸ್ ಅವರ ಕಂಠಗಳು ಎದುರುಬದುರಾಗಿ ನಿಲ್ಲುವ ಆ ಪ್ರಸಿದ್ಧ ಹಾಡಿಗೆ. ತಂದೆ ಮಗನನ್ನು ಮಗನೆಂದು ಒಪ್ಪದೆ, ಅವನ ತಾಯಿಯ ಶೀಲದ ಮೇಲೆ ಮಾತು ಎಸೆದಾಗ, ಅಲ್ಲಿಯವರೆಗೆ ಕೈಮುಗಿದು ನಿಂತಿದ್ದ ಮಗ ಮಾತಿಗೆ ಮಾತು ಕೊಡುತ್ತಾನೆ. ತಂದೆಯ ಒಂದೊಂದು ಹೆಗ್ಗಳಿಕೆಯನ್ನೂ ಹಿಡಿದು ತಿರುಗಿಸಿ ಹಾಕುತ್ತಾನೆ. ಇದು ಶುದ್ಧ ತಾಳಮದ್ದಳೆಯ ಕ್ರಮ. ಎದುರಾಳಿಯ ಮಾತಿನೊಳಗಿಂದಲೇ ಪ್ರತಿಮಾತು ತೆಗೆಯುವ ಅರ್ಥಧಾರಿಯ ವಿದ್ಯೆ ಅಲ್ಲಿ ಹಾಡಾಗಿದೆ. ಒಬ್ಬನೇ ನಟ ಎರಡೂ ಕಡೆ ನಿಂತಿದ್ದಾನೆ ಎಂಬುದನ್ನು ಮರೆಸುವಷ್ಟು ಆ ಎರಡು ನಿಲುವುಗಳು ಬೇರೆಯಾಗಿವೆ. ಅರ್ಜುನನ ಕತ್ತು ಸ್ವಲ್ಪ ಹಿಂದಕ್ಕೆ, ಮಗನ ಎದೆ ಮುಂದಕ್ಕೆ. ಎಷ್ಟು ಸಲ ನೋಡಿದರೂ ನನ್ನ ಕಣ್ಣು ಹುಡುಕುವುದು ಈ ನಿಲುವನ್ನೇ.

ದೂರದರ್ಶನದ ಎರಡು ದೊಡ್ಡ ಧಾರಾವಾಹಿಗಳ ಮಾತೂ ಇಲ್ಲೇ ಬರಬೇಕು. ರಮಾನಂದ ಸಾಗರರ ‘ರಾಮಾಯಣ’ 1987ರ ಜನವರಿಯಲ್ಲಿ ಶುರುವಾಯಿತು. ಅದು ಮುಗಿದ ಮೇಲೆ, 1988ರ ಅಕ್ಟೋಬರಿನಿಂದ ಬಿ.ಆರ್. ಚೋಪ್ರಾ ಅವರ ‘ಮಹಾಭಾರತ’. ಹಿಂದಿ ಬಾರದ ನಮ್ಮ ಅಜ್ಜಿಯರು ಭಾನುವಾರ ಬೆಳಿಗ್ಗೆ ಟೀವಿ ಇದ್ದವರ ಮನೆಯ ಜಗಲಿ ತುಂಬುತ್ತಿದ್ದರು. ಭಾಷೆ ಬಾರದೆ ಹೇಗೆ ತಿಳಿಯುತ್ತಿತ್ತು ಎಂದು ಕೇಳುವವರು ನಮ್ಮ ಆಟದ ಬಯಲನ್ನು ಕಂಡವರಲ್ಲ. ಕಥೆ ಮೊದಲೇ ಒಳಗಿದ್ದಾಗ ಭಾಷೆ ಒಂದು ತಡೆಯಾಗುವುದಿಲ್ಲ. ಆದರೆ ಅದೇ ಕಾರಣಕ್ಕೆ ನಮ್ಮ ಹಿರಿಯರು ಕಠಿಣ ಪರೀಕ್ಷಕರೂ ಆಗಿದ್ದರು. ರಾವಣನಾಗಿ ಅರವಿಂದ ತ್ರಿವೇದಿಯವರನ್ನು ಅವರು ಕೂಡಲೇ ಒಪ್ಪಿಕೊಂಡರು, ಯಾಕೆಂದರೆ ಆ ನಡಿಗೆಯಲ್ಲಿ, ನಗೆಯಲ್ಲಿ, ರಂಗಸ್ಥಳಕ್ಕೆ ಬರುವ ರಾಜವೇಷದ ಗತ್ತು ಇತ್ತು. ನನ್ನ ಮಟ್ಟಿಗೆ ಎರಡರಲ್ಲಿ ಹೆಚ್ಚಿನದು ‘ಮಹಾಭಾರತ’. ರಾಹಿ ಮಾಸೂಮ್ ರಜಾ ಅವರ ಸಂಭಾಷಣೆಯಲ್ಲಿ ಪ್ರತಿ ಪಾತ್ರಕ್ಕೂ ತನ್ನ ಪಕ್ಷವನ್ನು ಮಂಡಿಸುವ ಅವಕಾಶ ಇದೆ. ದುರ್ಯೋಧನನೂ ಕರ್ಣನೂ ಮಾತಿನಲ್ಲಿ ಸೋಲುವುದಿಲ್ಲ. ‘ರಾಮಾಯಣ’ದಲ್ಲಿ ಭಕ್ತಿ ಇದೆ, ನಿಧಾನ ಇದೆ, ಆದರೆ ವಾದ ಕಡಿಮೆ. 2020ರ ಲಾಕ್‌ಡೌನ್ ಕಾಲದಲ್ಲಿ ದೂರದರ್ಶನ ಎರಡನ್ನೂ ಮರುಪ್ರಸಾರ ಮಾಡಿದಾಗ, ಮೊದಲ ಸಲ ನೋಡಿದವರ ಮೊಮ್ಮಕ್ಕಳು ಪಕ್ಕದಲ್ಲಿ ಕೂತು ನೋಡಿದರು. ಆ ಹೊತ್ತಿಗೆ ಬಾಣಗಳು ಆಕಾಶದಲ್ಲಿ ಡಿಕ್ಕಿ ಹೊಡೆಯುವ ತಂತ್ರ ಹಳತಾಗಿತ್ತು. ದ್ಯೂತಸಭೆ ಮಾತ್ರ ಹಳತಾಗಿರಲಿಲ್ಲ.

ಶಂಕರನಾಗ್ ನಿರ್ದೇಶಿಸಿದ ಧಾರಾವಾಹಿ ‘ಮಾಲ್ಗುಡಿ ಡೇಸ್’ ಬಗ್ಗೆ ಮಾತನಾಡುವಾಗ ನನ್ನ ಧ್ವನಿಯಲ್ಲಿ ಅಭಿಮಾನ ಬರುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ನಾಗರಕಟ್ಟೆ ಕುಟುಂಬದ ಸಹೋದರರಾದ ಅನಂತನಾಗ್ ಮತ್ತು ಶಂಕರನಾಗ್ ಅವರ ನಂಟು ನಮ್ಮ ಶಿರಾಲಿ, ಹೊನ್ನಾವರದ ಕಡೆಯದು. ಆ ಧಾರಾವಾಹಿಯಲ್ಲಿ ಸ್ವಾಮಿಯ ತಂದೆಯಾದ ಗಿರೀಶ ಕಾರ್ನಾಡರು ಬಾಲ್ಯವನ್ನು ಇದೇ ಶಿರಸಿಯಲ್ಲಿ ಕಳೆದವರು. ಇಲ್ಲಿ ಕಂಡ ಯಕ್ಷಗಾನ ಮತ್ತು ಕಂಪನಿ ನಾಟಕಗಳನ್ನು ಕೊನೆಯವರೆಗೂ ನೆನೆಯುತ್ತಿದ್ದವರು. ಆರ್.ಕೆ. ನಾರಾಯಣರ ಇಂಗ್ಲಿಷ್ ಕಥೆಗಳು, ಆರ್.ಕೆ. ಲಕ್ಷ್ಮಣರ ರೇಖಾಚಿತ್ರಗಳು, ಎಲ್. ವೈದ್ಯನಾಥನ್ ಅವರ ಆ ಮರೆಯಲಾಗದ ರಾಗ, ಮತ್ತು ಇವೆಲ್ಲಕ್ಕೂ ನೆಲೆಯಾಗಿ ಆಗುಂಬೆಯ ಬೀದಿ. ಹಿಂದಿ ಮಾತನಾಡುವ ಆ ಮಕ್ಕಳು ನಮ್ಮ ಮಲೆನಾಡಿನ ಮಕ್ಕಳೇ ಎಂಬುದರಲ್ಲಿ ಯಾರಿಗೂ ಸಂಶಯ ಬರಲಿಲ್ಲ.

ಈ ಧಾರಾವಾಹಿಯನ್ನು ಮತ್ತೆ ಮತ್ತೆ ನೋಡಲು ಸಾಧ್ಯವಾಗುವುದಕ್ಕೆ ಒಂದು ಸ್ಪಷ್ಟವಾದ ಕಾರಣ ಇದೆ. ಅದರಲ್ಲಿ ಬಹಳಷ್ಟು ಕಥೆಗಳು ಒಂದೇ ಕಂತಿನಲ್ಲಿ ಮುಗಿಯುತ್ತವೆ; ಏನನ್ನೂ ನಾಳೆಗೆ ಬಚ್ಚಿಡುವುದಿಲ್ಲ. ಸ್ವಾಮಿಯ ಕಥೆ ಹಲವು ಕಂತುಗಳಲ್ಲಿ ಸಾಗಿದರೂ ಪ್ರತಿ ಕಂತಿಗೂ ತನ್ನದೇ ಆದ ಸಣ್ಣ ಪೂರ್ಣತೆ ಇದೆ. ಮಾಸ್ಟರ್ ಮಂಜುನಾಥ್ ಅವರ ಸ್ವಾಮಿ ಅಪ್ಪನ ಮುಂದೆ ಲೆಕ್ಕ ಮಾಡಲು ಕೂತಾಗಿನ ಮುಖವನ್ನು ನೋಡಿ. ಲೆಕ್ಕದಲ್ಲಿರುವ ಮಾವಿನ ಹಣ್ಣು ಕಾಯಿಯೋ ಹಣ್ಣೋ ಎಂಬ ಚಿಂತೆ ಆ ಹುಡುಗನನ್ನು ಕಾಡುತ್ತದೆ. ಉತ್ತರ ಏನೆಂದು ನಮಗೆ ಗೊತ್ತು, ಅಪ್ಪನಿಗೂ ಗೊತ್ತು. ಆದರೆ ನಾವು ನೋಡುವುದು ಹುಡುಗನ ಲೋಕಕ್ಕೂ ದೊಡ್ಡವರ ಲೆಕ್ಕಕ್ಕೂ ಇರುವ ಅಂತರವನ್ನು. ಕಾರ್ನಾಡರು ಆ ತಂದೆಯನ್ನು ಕ್ರೂರಿಯನ್ನಾಗಿ ಮಾಡದೆ, ತಮಾಷೆಯ ವ್ಯಕ್ತಿಯನ್ನಾಗಿಯೂ ಮಾಡದೆ, ಸುಸ್ತಾದ ಒಬ್ಬ ಒಳ್ಳೆಯ ಮನುಷ್ಯನನ್ನಾಗಿ ನಿಲ್ಲಿಸಿದರು. ಶಂಕರನಾಗ್ 1990ರಲ್ಲಿ, ಮೂವತ್ತೈದರ ವಯಸ್ಸಿನಲ್ಲಿ ತೀರಿಕೊಂಡರು. ಅವರ ‘ಮಿಂಚಿನ ಓಟ’, ‘ಆಕ್ಸಿಡೆಂಟ್’ ಚಿತ್ರಗಳನ್ನು ನಾನು ಮೆಚ್ಚುತ್ತೇನೆ. ಆದರೆ ಅವರ ಜೀವಮಾನದ ಕೆಲಸ ಯಾವುದು ಎಂದು ಕೇಳಿದರೆ ನನ್ನ ಉತ್ತರ ‘ಮಾಲ್ಗುಡಿ ಡೇಸ್’.

ಕಥೆಯ ಗುಟ್ಟಿನ ಮೇಲೆಯೇ ನಿಂತ ಚಿತ್ರಗಳೆಲ್ಲ ನನ್ನ ಪರೀಕ್ಷೆಯಲ್ಲಿ ಸೋಲುತ್ತವೆ ಎಂದು ನೀವು ಊಹಿಸಿದ್ದರೆ, ಅದು ಹಾಗಲ್ಲ. ಜೀತು ಜೋಸೆಫ್ ಅವರ ಮಲಯಾಳಂ ಚಿತ್ರ ‘ದೃಶ್ಯಂ’ 2013ರಲ್ಲಿ ಬಂತು, ಮರುವರ್ಷ ಪಿ. ವಾಸು ನಿರ್ದೇಶನದಲ್ಲಿ, ರವಿಚಂದ್ರನ್ ನಟನೆಯಲ್ಲಿ ಕನ್ನಡದ ‘ದೃಶ್ಯ’. ಮೊದಲ ಸಲ ನೋಡುವಾಗ ನಮ್ಮ ಎದೆಬಡಿತವೆಲ್ಲ ಪೊಲೀಸರಿಗೆ ಗುಟ್ಟು ಸಿಗುತ್ತದೆಯೋ ಇಲ್ಲವೋ ಎಂಬುದರಲ್ಲಿ ಇರುತ್ತದೆ. ಅದು ತಿಳಿದ ಮೇಲೆ ಮತ್ತೊಮ್ಮೆ ನೋಡಿ: ಹೆಚ್ಚು ಓದದ, ಕೇಬಲ್ ಟೀವಿ ನಡೆಸುವ, ಹಗಲಿರುಳು ಸಿನಿಮಾ ನೋಡುವ ಒಬ್ಬ ಮನುಷ್ಯ ತಾನು ನೋಡಿದ ಸಿನಿಮಾಗಳನ್ನೇ ಬಂಡವಾಳ ಮಾಡಿಕೊಂಡು ತನ್ನ ಸಂಸಾರವನ್ನು ಕಾಪಾಡುತ್ತಾನೆ. ಬಸ್ಸಿನ ಕಂಡಕ್ಟರು, ಹೋಟೆಲಿನವರು ಮುಂತಾದ ಪ್ರಾಮಾಣಿಕ ಜನರ ನೆನಪಿನೊಳಗೆ ಒಂದು ತಾರೀಕನ್ನು ಮಾತಿನಲ್ಲೇ ನೆಟ್ಟು ಬರುತ್ತಾನೆ. ಅವರು ಸುಳ್ಳು ಹೇಳದೆಯೇ ಸುಳ್ಳಿಗೆ ಸಾಕ್ಷಿಯಾಗುತ್ತಾರೆ. ಸಾಮಾನ್ಯ ಪ್ರೇಕ್ಷಕನೊಬ್ಬನಿಗೆ ಇಷ್ಟು ಗಂಭೀರವಾದ ಗೌರವ ಕೊಟ್ಟ ಜನಪ್ರಿಯ ಚಿತ್ರ ಅಪರೂಪ. ಎರಡೂ ಭಾಷೆಯ ರೂಪಗಳಲ್ಲಿ ನನಗೆ ಮಲಯಾಳಂನ ಮೋಹನಲಾಲ್ ಅವರದ್ದೇ ಹೆಚ್ಚು ಇಷ್ಟ, ಅವರು ಕಣ್ಣಿನಲ್ಲಿ ಮಾತ್ರ ಹೆದರುತ್ತಾರೆ.

ಇದೇ ರೀತಿ ಫಾಜಿಲ್ ಅವರ ‘ಮಣಿಚಿತ್ರತ್ತಾಳ್’ 1993ರದ್ದು, ಕನ್ನಡದಲ್ಲಿ ‘ಆಪ್ತಮಿತ್ರ’ 2004ರದ್ದು. ಮುಚ್ಚಿದ ಕೋಣೆಯ ಭೂತ ಯಾರು ಎಂಬುದು ಗೊತ್ತಾದ ಮೇಲೆ ಈ ಚಿತ್ರ ಇನ್ನೂ ಬಲವಾಗುತ್ತದೆ ಎಂದೇ ನನ್ನ ಅನುಭವ. ಮೊದಲ ಸಲ ಬರೀ ಮನೆಮಾತಿನ ಹಾಗೆ ಕಂಡ ನಾಯಕಿ ಗಂಗೆಯ ಪ್ರತಿ ನೋಟಕ್ಕೂ, ಪ್ರತಿ ಮೌನಕ್ಕೂ ಆಗ ಬೇರೆ ಅರ್ಥ ಬರುತ್ತದೆ. ಶೋಭನಾ ಈ ಪಾತ್ರಕ್ಕೆ ರಾಷ್ಟ್ರಪ್ರಶಸ್ತಿ ಪಡೆದರು. ಕನ್ನಡದಲ್ಲಿ ಅದನ್ನು ಮಾಡಿದ ಸೌಂದರ್ಯ, ಚಿತ್ರ ತೆರೆಗೆ ಬರುವ ಮೊದಲೇ, 2004ರ ಏಪ್ರಿಲ್‌ನಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡಿದ್ದರು. ಜನ ಅವರನ್ನು ಆ ಕೋಣೆಯ ನಾಗವಲ್ಲಿಯಾಗಿಯೇ ನೆನಪಿಡುತ್ತಾರೆ. ನಾನು ನೆನಪಿಡುವುದು ನಾಗಿಯಾಗಿ, ‘ದ್ವೀಪ’ದ ನಾಗಿಯಾಗಿ.

‘ದ್ವೀಪ’ದ ಬಗ್ಗೆ ಸ್ವಲ್ಪ ಹೆಚ್ಚು ಹೊತ್ತು ಮಾತನಾಡಲು ಅಪ್ಪಣೆ ಕೊಡಿ. ನಾ. ಡಿಸೋಜ ಅವರ ಕಾದಂಬರಿಯನ್ನು ಆಧರಿಸಿ ಗಿರೀಶ ಕಾಸರವಳ್ಳಿಯವರು ನಿರ್ದೇಶಿಸಿದ, ಸೌಂದರ್ಯ ಅವರೇ ನಿರ್ಮಿಸಿದ ಈ ಚಿತ್ರ 2002ರಲ್ಲಿ ತೆರೆಗೆ ಬಂತು, ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆಯಿತು. ಅಣೆಕಟ್ಟಿನ ನೀರು ಏರುತ್ತಿದೆ. ಎಲ್ಲರೂ ಊರು ಬಿಟ್ಟಿದ್ದಾರೆ. ಸೀತಾಪರ್ವತದ ಗುಡಿಯ ಪೂಜೆ ಮಾಡುವ ದುಗ್ಗಜ್ಜ, ಅವನ ಮಗ ಗಣಪ, ಸೊಸೆ ನಾಗಿ ಅಲ್ಲೇ ಉಳಿಯುತ್ತಾರೆ. ಇಷ್ಟೇ ಕಥೆ. ಈ ಕಥೆಯನ್ನು ಬೇರೆ ಊರಿನ ಪ್ರೇಕ್ಷಕ ಹೊಸದಾಗಿ ಕೇಳಬಹುದು. ನಮಗೆ ಇದು ಯಾವ ಪ್ರಸಂಗಕ್ಕಿಂತಲೂ ಹೆಚ್ಚು ಗೊತ್ತಿರುವ ಕಥೆ. ಕಾಳಿ ನದಿಗೆ ಕಟ್ಟಿದ ಅಣೆಕಟ್ಟಿನ ನೀರಿನಲ್ಲಿ ಹಳೆಯ ಸೂಪಾ ಪಟ್ಟಣವೇ ಮುಳುಗಿದ್ದು ನಮ್ಮ ಜಿಲ್ಲೆಯಲ್ಲಿ. ಕದ್ರಾ, ಕೊಡಸಳ್ಳಿ ಇಲ್ಲಿಯವೇ. ಘಟ್ಟದ ಮೇಲಿನ ಶರಾವತಿಗೆ ಲಿಂಗನಮಕ್ಕಿ ಕಟ್ಟಿದಾಗ ನೆಲೆ ಕಳೆದುಕೊಂಡವರ ನೆಂಟರು ನಮ್ಮಲ್ಲಿದ್ದಾರೆ. ಕಾರವಾರದಲ್ಲಿ ನೌಕಾನೆಲೆಗಾಗಿ ಕಡಲ ದಂಡೆಯನ್ನು ಬಿಟ್ಟುಕೊಟ್ಟ ಮೀನುಗಾರರ ಮನೆಗಳಲ್ಲಿ ಪರಿಹಾರ ಎಂಬ ಮಾತು ಇನ್ನೂ ಬಿಸಿಯಾಗಿದೆ. ನೀರು ಏರುತ್ತದೆ, ಅಧಿಕಾರಿ ಬರುತ್ತಾನೆ, ಕಾಗದ ಕೇಳುತ್ತಾನೆ, ಕೊಟ್ಟ ಹಣ ಕೈಯಲ್ಲಿ ನಿಲ್ಲುವುದಿಲ್ಲ. ಮುಂದೇನು ಎಂಬುದು ತಿಳಿದೇ ಕೂತು ನೋಡುವ ಪ್ರೇಕ್ಷಕರು ನಾವು.

ಹಾಗಿದ್ದರೆ ಅಲ್ಲಿ ನೋಡುವುದೇನು? ನಾನು ನೋಡುವುದು ನಾಗಿಯ ಕೆಲಸವನ್ನು. ಎಚ್.ಎಂ. ರಾಮಚಂದ್ರ ಹಾಲ್ಕೆರೆ ಅವರ ಛಾಯಾಗ್ರಹಣದಲ್ಲಿ ಮಳೆ ಚಂದದ ಪರದೆಯಾಗಿ ಸುರಿಯುವುದಿಲ್ಲ. ಅದು ಕಟ್ಟಿಗೆಯನ್ನು ಒದ್ದೆ ಮಾಡುತ್ತದೆ, ಒಲೆಯನ್ನು ಆರಿಸುತ್ತದೆ, ಮೈಗೆ ಚಳಿ ಹಿಡಿಸುತ್ತದೆ. ನಮ್ಮ ಹೆಚ್ಚಿನ ಸಿನಿಮಾಗಳಲ್ಲಿ ಮಳೆ ಬಂದರೆ ಹಾಡು ಬರುತ್ತದೆ; ಇಲ್ಲಿ ಮಳೆ ಬಂದರೆ ಹೆಂಗಸಿಗೆ ಕೆಲಸ ಹೆಚ್ಚುತ್ತದೆ. ಮಳೆಗಾಲದಲ್ಲಿ ಘಟ್ಟದ ಮೇಲಿನ ಮನೆಯೊಂದನ್ನು ನಡೆಸಿದ ಯಾವ ಹೆಂಗಸನ್ನು ಬೇಕಾದರೂ ಕೇಳಿ, ಇದೇ ಸತ್ಯ ಎನ್ನುತ್ತಾರೆ. ದುಗ್ಗಜ್ಜನಾಗಿ ಎಂ.ವಿ. ವಾಸುದೇವರಾಯರಿದ್ದಾರೆ. 1975ರ ‘ಚೋಮನ ದುಡಿ’ಯಲ್ಲಿ ಬೇಸಾಯಕ್ಕೆ ಒಂದು ತುಂಡು ನೆಲ ಸಿಗದೆ ಹೋದ ಚೋಮನಾಗಿ ರಾಷ್ಟ್ರಪ್ರಶಸ್ತಿ ಪಡೆದ ನಟ, ಇಲ್ಲಿ ಇದ್ದ ನೆಲವೂ ನೀರಿಗೆ ಹೋಗುವುದನ್ನು ನೋಡುತ್ತ ಕೂರುತ್ತಾರೆ. ಎರಡು ಚಿತ್ರಗಳನ್ನೂ ಬಲ್ಲವನಿಗೆ ಆ ಮುಖ ಇಮ್ಮಡಿ ಭಾರವಾಗಿ ಕಾಣುತ್ತದೆ.

ಇನ್ನು ಕೊನೆಯ ಭಾಗ. ನೀರು ಅಂಗಳಕ್ಕೆ ಬಂದಾಗ, ಹುಲಿಯ ಭಯ ಬಾಗಿಲಿಗೆ ಬಂದಾಗ ಧೈರ್ಯಗೆಡದೆ ಹೆಣಗಿ ಇಬ್ಬರ ಜೀವವನ್ನೂ ಉಳಿಸಿದವಳು ನಾಗಿ. ಮಳೆ ನಿಂತ ಮೇಲೆ ಗಣಪ ಅದೆಲ್ಲ ದೇವರ ಕೃಪೆ ಎನ್ನುತ್ತಾನೆ. ಆಗ ನಾಗಿಯ ಮುಖದಲ್ಲಿ ಬರುವ ಬದಲಾವಣೆಯನ್ನು ನಾನು ಕನ್ನಡ ಸಿನಿಮಾದ ಅತ್ಯಂತ ದೊಡ್ಡ ಕ್ಷಣಗಳಲ್ಲಿ ಒಂದು ಎಂದು ಎಣಿಸುತ್ತೇನೆ. ನೀರಿಗೆ ಹೆದರದವಳು ಈ ಮಾತಿಗೆ ಕುಸಿಯುತ್ತಾಳೆ. ಮೊದಲ ಸಲ ನೋಡಿದಾಗ ಗಣಪ ಕೃತಘ್ನ ಎನಿಸುತ್ತದೆ. ಮತ್ತೆ ನೋಡಿದಾಗ, ಅಪ್ಪನನ್ನೂ ಊರನ್ನೂ ಗುಡಿಯ ಯಜಮಾನಿಕೆಯನ್ನೂ ಒಟ್ಟಿಗೆ ಕಳೆದುಕೊಂಡ ಅವನಿಗೆ ದೇವರ ಹೊರತು ಹಿಡಿದುಕೊಳ್ಳಲು ಬೇರೇನೂ ಉಳಿದಿರಲಿಲ್ಲ ಎಂಬುದು ಕಾಣುತ್ತದೆ. ಅವನ ಮೇಲಿನ ಸಿಟ್ಟು ಹೋಗುವುದಿಲ್ಲ. ಸಿಟ್ಟಿನ ಜೊತೆಗೆ ಮರುಕವೂ ಸೇರುತ್ತದೆ.

ಕಾಸರವಳ್ಳಿಯವರ ಇನ್ನೊಂದು ಚಿತ್ರ, ವೈದೇಹಿಯವರ ಕಥೆಯನ್ನು ಆಧರಿಸಿದ ‘ಗುಲಾಬಿ ಟಾಕೀಸ್’, ನಮ್ಮಂಥ ಪ್ರೇಕ್ಷಕರ ಬಗ್ಗೆಯೇ ಇರುವ ಚಿತ್ರ. ಕುಂದಾಪುರದ ಕಡೆಯ ಮೀನುಗಾರರ ಕೇರಿಯಲ್ಲಿ ಸೂಲಗಿತ್ತಿ ಗುಲಾಬಿ ಒಂಟಿಯಾಗಿ ಬದು‌ಕುತ್ತಾಳೆ. ಅವಳಿಗೆ ಸಿನಿಮಾ ಎಂದರೆ ಜೀವ. ಒಂದು ಹೆರಿಗೆಯ ಕಾರಣದಿಂದ ಅವಳ ಗುಡಿಸಲಿಗೆ ಡಿಶ್ ಸಮೇತ ಟೀವಿ ಬರುತ್ತದೆ. ಅದರೊಟ್ಟಿಗೆ ನೆರೆಯ ಹೆಂಗಸರು ಬರುತ್ತಾರೆ, ಜಾತಿಯ ಗೋಡೆ ಕೆಲವು ಗಂಟೆಗಳ ಮಟ್ಟಿಗೆ ತಗ್ಗುತ್ತದೆ. ಅದೇ ಪೆಟ್ಟಿಗೆಯಲ್ಲಿ 1999ರ ಕಾರ್ಗಿಲ್ ಯುದ್ಧದ ಸುದ್ದಿಯೂ ಬರುತ್ತದೆ, ದಂಡೆಯಲ್ಲಿ ಟ್ರಾಲರಿನವರಿಗೂ ಸಣ್ಣ ದೋಣಿಯವರಿಗೂ ಇರುವ ಜಗಳಕ್ಕೆ ಧರ್ಮದ ಬಣ್ಣ ಹತ್ತುತ್ತದೆ, ಮತ್ತು ಮುಸ್ಲಿಂ ಹೆಂಗಸಾದ ಗುಲಾಬಿ ತನ್ನ ಕೇರಿಯಲ್ಲೇ ಪರಕೀಯಳಾಗುತ್ತಾಳೆ. ಉಮಾಶ್ರೀಯವರನ್ನು ಹಾಸ್ಯಪಾತ್ರಗಳಲ್ಲಿ ನೋಡಿ ನಕ್ಕಿದ್ದ ನಮಗೆ ಈ ಗುಲಾಬಿ ದೊಡ್ಡ ಅಚ್ಚರಿ. ಟೀವಿಯ ಬೆಳಕು ಮುಖದ ಮೇಲೆ ಬಿದ್ದಾಗ ಅವರು ಏನನ್ನೂ ಅಭಿನಯಿಸುವುದಿಲ್ಲ, ಬರೀ ನೋಡುತ್ತಾರೆ. ಆ ನೋಟದಲ್ಲಿ ಇರುವ ಹಸಿವು ನನಗೆ ಚೆನ್ನಾಗಿ ಪರಿಚಯದ್ದು. ಈ ಪಾತ್ರಕ್ಕೆ ಬಂದ ರಾಷ್ಟ್ರಪ್ರಶಸ್ತಿ ಸರಿಯಾಗಿ ಬಂತು.

ಈಚಿನ ಕರಾವಳಿ ಚಿತ್ರಗಳ ವಿಷಯಕ್ಕೆ ಬಂದರೆ, 2014ರ ‘ಉಳಿದವರು ಕಂಡಂತೆ’ ನನ್ನ ಪರೀಕ್ಷೆಗೆಂದೇ ಮಾಡಿದ ಹಾಗಿದೆ. ರಕ್ಷಿತ್ ಶೆಟ್ಟಿಯವರು ಮಲ್ಪೆಯ ಕಡಲ ದಂಡೆ, ಅಷ್ಟಮಿಯ ಸಡಗರ, ಹುಲಿವೇಷ, ಮೀನುಗಾರಿಕೆಯ ದೋಣಿ, ಇವುಗಳ ನಡುವೆ ಒಂದೇ ಘಟನೆಯನ್ನು ಬೇರೆ ಬೇರೆಯವರ ಕಣ್ಣಿನಲ್ಲಿ ಹೇಳಿಸುತ್ತಾರೆ. ಅಕಿರಾ ಕುರೊಸಾವಾ ಅವರು 1950ರ ‘ರಾಶೊಮನ್’ನಲ್ಲಿ ತೋರಿಸಿದ ದಾರಿ ಇದು. ಒಂದೇ ಪ್ರಸಂಗಕ್ಕೆ ಬೇರೆ ಬೇರೆ ಅರ್ಥಧಾರಿಗಳು ಕೂತರೆ ಏನಾಗುತ್ತದೆ ಎಂದು ಬಲ್ಲ ನಮಗೆ ಇದು ಅಪರಿಚಿತ ವಿಧಾನ ಅಲ್ಲ. ಬಿಡುಗಡೆಯಾದಾಗ ಥಿಯೇಟರಿನಲ್ಲಿ ಹೆಚ್ಚು ದಿನ ನಿಲ್ಲದ ಈ ಚಿತ್ರವನ್ನು ಆಮೇಲಿನ ವರ್ಷಗಳಲ್ಲಿ ತರುಣರು ಹುಡುಕಿ ಹುಡುಕಿ ನೋಡಿದರು. ತಾರಾ ಅವರ ರತ್ನಕ್ಕ ಮಗನಿಗಾಗಿ ಕಾಯುವ ಭಾಗ ಇಡೀ ಚಿತ್ರದ ಹೃದಯ. ಅಲ್ಲಿ ಘಟನೆ ಕಡಿಮೆ, ಕಾಯುವಿಕೆ ಹೆಚ್ಚು.

2022ರ ‘ಕಾಂತಾರ’ವನ್ನು ಊರಿಗೆ ಊರೇ ಹೋಗಿ ನೋಡಿತು. ರಿಷಬ್ ಶೆಟ್ಟಿಯವರು ಕೊನೆಯ ಭಾಗದಲ್ಲಿ ತೋರಿಸಿದ ಆವೇಶವನ್ನು ಎಷ್ಟು ಹೊಗಳಿದರೂ ಸಾಲದು. ಕಥೆ ಗೊತ್ತಿದ್ದೂ ಮೈ ಜುಮ್ಮೆನ್ನುತ್ತದೆ. ಆದರೆ ಮಧ್ಯದ ಭಾಗ ನನಗೆ ಎರಡನೆಯ ಸಲ ರುಚಿಸಲಿಲ್ಲ. ನಾಯಕ ನಾಯಕಿಯನ್ನು ನಡೆಸಿಕೊಳ್ಳುವ ರೀತಿಯಲ್ಲಿ ಹಳೆಯ ಸಿನಿಮಾದ ಒರಟುತನವೇ ಇದೆ. ನೆಲದ ನ್ಯಾಯ ಕೇಳುವ ಚಿತ್ರ ಹೆಣ್ಣಿನ ವಿಷಯದಲ್ಲಿ ಇನ್ನೂ ಸೂಕ್ಷ್ಮವಾಗಬೇಕಿತ್ತು. ರಾಮ್ ರೆಡ್ಡಿಯವರ ‘ತಿಥಿ’ ಇದಕ್ಕೆ ಪೂರ್ತಿ ವಿರುದ್ಧವಾದ ದಾರಿ ಹಿಡಿಯುತ್ತದೆ. ಮಂಡ್ಯ ಸೀಮೆಯ ನೊದೆಕೊಪ್ಪಲಿನ ಜನರೇ ನಟಿಸಿದ, 2015ರಲ್ಲಿ ಲೊಕಾರ್ನೊ ಉತ್ಸವದಲ್ಲಿ ಪ್ರಶಸ್ತಿ ಪಡೆದ ಆ ಚಿತ್ರದಲ್ಲಿ ಸೆಂಚುರಿ ಗೌಡ ಆರಂಭದಲ್ಲೇ ಸಾಯುತ್ತಾನೆ, ಹನ್ನೊಂದನೆಯ ದಿನ ತಿಥಿ ಆಗುತ್ತದೆ. ಏನಾಗಬೇಕೋ ಅದು ಮೊದಲೇ ನಿಶ್ಚಯವಾಗಿದೆ. ಹಾಗಾಗಿ ನಮಗೆ ಗಡ್ಡಪ್ಪನ ಹಿಂದೆ ಸುಮ್ಮನೆ ನಡೆಯಲು ಪುರಸೊತ್ತು ಸಿಗುತ್ತದೆ.

ನಮ್ಮ ಜಿಲ್ಲೆಯ ನೆಲವನ್ನೇ ತೆರೆಯ ಮೇಲೆ ತಂದ ಚಿತ್ರಗಳಲ್ಲಿ ಸುನೀಲ್ ಕುಮಾರ್ ದೇಸಾಯಿಯವರ ‘ನಮ್ಮೂರ ಮಂದಾರ ಹೂವೆ’ಯನ್ನು ಎಲ್ಲರೂ ನೆನೆಯುತ್ತಾರೆ. ಅದು ಬಂದ ಮೇಲೆ ಯಾಣಕ್ಕೆ ದಾರಿ ಕೇಳುವವರು ಹೆಚ್ಚಾದರು. ಅಂದಹಾಗೆ, ಯಾಣದ ಕಪ್ಪು ಬಂಡೆಗಳಿಗೆ ಭೈರವೇಶ್ವರ ಶಿಖರ, ಮೋಹಿನಿ ಶಿಖರ ಎಂದು ಹೆಸರು. ಭಸ್ಮಾಸುರ ಸುಟ್ಟು ಬೂದಿಯಾದದ್ದು ಅಲ್ಲೇ ಎಂದು ಐತಿಹ್ಯ. ಚಿತ್ರದಲ್ಲಿ ಈಗ ಉಳಿದಿರುವುದು ಇಳಯರಾಜ ಅವರ ಹಾಡುಗಳು ಮತ್ತು ಆ ಬಂಡೆಗಳು. ‘ಮುಂಗಾರು ಮಳೆ’ಯಲ್ಲೂ ನನ್ನ ಮಟ್ಟಿಗೆ ಉಳಿದದ್ದು ಗೋಕರ್ಣದ ಜಯಂತ ಕಾಯ್ಕಿಣಿಯವರ ಸಾಲುಗಳು, ಮತ್ತು ಪ್ರೀತಿಸಿದವಳನ್ನು ಬಿಟ್ಟುಕೊಡುವ ಹುಡುಗನಾಗಿ ಗಣೇಶ್ ಅವರ ಮಾತಿನ ಓಟ.

ಅನಂತನಾಗ್ ಅವರ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ 2016ರದ್ದು. ಮರೆವಿನ ಕಾಯಿಲೆಯ ವೆಂಕೋಬರಾವ್ ಕಾಣೆಯಾಗುತ್ತಾರೆ, ಮಗ ಹುಡುಕುತ್ತಾನೆ. ಅದರಲ್ಲಿ ಪಾತಕಿಗಳ ಒಂದು ಎಳೆಯೂ ಇದೆ. ಅದು ಮೊದಲ ನೋಟಕ್ಕೆ ಮಾತ್ರ ಬೇಕಾದ ಎಳೆ, ಎರಡನೆಯ ಸಲಕ್ಕೆ ಅದು ಭಾರವೆನಿಸಿತು. ತನ್ನ ಹೆಂಡತಿಯನ್ನು ಮೊದಲು ಕಂಡ ದಿನವನ್ನು ಅವರು ವಿವರಿಸುವ ಮಾತು ಮಾತ್ರ ಎಷ್ಟು ಕೇಳಿದರೂ ಹೊಸದೇ. ಎಲ್ಲ ಮರೆತವನಿಗೆ ಅದೊಂದು ನೆನಪು ಇನ್ನೂ ಹಸಿಯಾಗಿದೆ, ಮತ್ತು ಆ ಧ್ವನಿಯಲ್ಲಿ ಎಲ್ಲಿಯೂ ಕಣ್ಣೀರನ್ನು ಬೇಡುವ ಪ್ರಯತ್ನ ಇಲ್ಲ.

ದಿನನಿತ್ಯದ ಧಾರಾವಾಹಿಗಳ ಬಗ್ಗೆ ಹೇಳದೆ ಮುಗಿಸಿದರೆ ಇಲ್ಲಿ ಕುಳಿತ ಹಲವರು ಒಪ್ಪುವುದಿಲ್ಲ. ಟಿ.ಎನ್. ಸೀತಾರಾಂ ಅವರ ‘ಮಾಯಾಮೃಗ’, ‘ಮನ್ವಂತರ’, ‘ಮುಕ್ತ’ಗಳ ಕಾಲದಲ್ಲಿ ಮನೆಯ ಗಂಡಸರೂ ಹೆಂಗಸರೂ ಒಟ್ಟಿಗೆ ಕೂತು ನೋಡುತ್ತಿದ್ದರು. ವಕೀಲ ಸಿ.ಎಸ್.ಪಿ. ಆಗಿ ಅವರೇ ಕೋರ್ಟಿನಲ್ಲಿ ನಿಂತರೆ, ಯಾರು ಗೆಲ್ಲುತ್ತಾರೆ ಎಂಬುದಕ್ಕಿಂತ ವಾದ ಹೇಗೆ ಬೆಳೆಯುತ್ತದೆ ಎಂಬುದು ಮುಖ್ಯವಾಗುತ್ತಿತ್ತು. ಮರುದಿನ ಪೇಟೆಯಲ್ಲಿ ಅದೇ ವಾದ ಮುಂದುವರಿಯುತ್ತಿತ್ತು. ಈಗಿನ ಬಹಳಷ್ಟು ಧಾರಾವಾಹಿಗಳು ಇದಕ್ಕೆ ತಿರುಗುಮುರುಗು. ಒಂದು ಮಾತು ಆಡಿದ ಕೂಡಲೇ ಕ್ಯಾಮೆರಾ ಮನೆಮಂದಿಯ ಪ್ರತಿಯೊಬ್ಬರ ಮುಖಕ್ಕೂ ಹೋಗಿ ಬರುತ್ತದೆ, ಹಿನ್ನೆಲೆಯಲ್ಲಿ ಸಿಡಿಲು ಹೊಡೆದ ಸದ್ದು, ಅಷ್ಟರಲ್ಲಿ ಕಂತು ಮುಗಿಯುತ್ತದೆ. ‘ನಾಳೆ ಎಂತ ಆಗ್ತು ನೋಡವು’ ಎಂದು ನಮ್ಮ ಮನೆಗಳ ಹಿರಿಯರು ಹೇಳುವುದನ್ನು ನೀವೂ ಕೇಳಿದ್ದೀರಿ. ಅವರ ಪ್ರೀತಿಯನ್ನು ನಾನು ಹಗುರ ಮಾಡುವುದಿಲ್ಲ. ಮಕ್ಕಳೆಲ್ಲ ಬೆಂಗಳೂರಿಗೆ ಹೋದ ಮೇಲೆ ದೊಡ್ಡ ಮನೆಯಲ್ಲಿ ಇಬ್ಬರೇ ಉಳಿದವರಿಗೆ ಸಂಜೆಯ ಆ ಧ್ವನಿಗಳು ಮನೆ ತುಂಬಿದ ಹಾಗೆ ಅನಿಸುತ್ತವೆ. ಅಂಥ ಪ್ರೇಕ್ಷಕರಿಗೆ ಇನ್ನಷ್ಟು ಒಳ್ಳೆಯದನ್ನು ಕೊಡಬೇಕು ಎಂಬುದೇ ನನ್ನ ತಕರಾರು. ಬರೀ ಮುಂದೂಡುವುದರಿಂದಲೇ ಬದುಕುವ ಕಥೆಯನ್ನು ಯಾರೂ ಎರಡನೆಯ ಸಲ ನೋಡಲಾರರು.

ಎರಡನೆಯ ಸಲ ನೋಡಬೇಕಾದರೆ ಚಿತ್ರಗಳು ಉಳಿದಿರಬೇಕು, ಅದಕ್ಕೇ ಈ ಕೊನೆಯ ವಿಷಯ. ಕಾಸರವಳ್ಳಿಯವರ ಮೊದಲ ಚಿತ್ರ, 1977ರ ‘ಘಟಶ್ರಾದ್ಧ’ವನ್ನು ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ಹೊರದೇಶದ ಸಂಸ್ಥೆಗಳು ಸೇರಿ ಹೊಸದಾಗಿ ಸಂಸ್ಕರಿಸಿದವು; 2024ರಲ್ಲಿ ವೆನಿಸ್ ಉತ್ಸವದ ಹಳೆಯ ಮೇರು ಚಿತ್ರಗಳ ವಿಭಾಗದಲ್ಲಿ ಅದು ಪ್ರದರ್ಶನಗೊಂಡಿತು. ಅನಂತಮೂರ್ತಿಯವರ ಕಥೆಯ ಆ ಮಠದ ಹುಡುಗ ನಾಣಿ, ಊರು ಹೊರಗೆ ಹಾಕಿದ ಯಮುನಕ್ಕ, ಎಸ್. ರಾಮಚಂದ್ರ ಅವರು ಕಪ್ಪುಬಿಳುಪಿನಲ್ಲಿ ಹಿಡಿದ ಕಾಡಿನ ನೆರಳು, ಬಿ.ವಿ. ಕಾರಂತರ ಸಂಗೀತ ಇವೆಲ್ಲ ಮತ್ತೆ ಸ್ಪಷ್ಟವಾಗಿ ಕಾಣುವಂತಾಗಿವೆ, ಕೇಳುವಂತಾಗಿವೆ. ಇದೇ ಭಾಗ್ಯ ‘ಚೋಮನ ದುಡಿ’ಗೂ ‘ದ್ವೀಪ’ಕ್ಕೂ ಬರಬೇಕು. ನೆರೆಯ ಶಿವಮೊಗ್ಗ ಜಿಲ್ಲೆಯ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರು ನೀನಾಸಮ್ ರಂಗಸಂಸ್ಥೆಯ ಮೂಲಕ ಹಳ್ಳಿಯ ಜನರಿಗೆ ಜಗತ್ತಿನ ದೊಡ್ಡ ಚಿತ್ರಗಳನ್ನು ತೋರಿಸಿದ್ದರು, ತೋರಿಸಿ ಚರ್ಚೆ ಮಾಡಿಸಿದ್ದರು. ಶಿರಸಿಯಲ್ಲಿ, ಕಾರವಾರದಲ್ಲಿ, ಕುಮಟೆಯಲ್ಲಿ ನಾವು ಕನಿಷ್ಠ ನಮ್ಮ ಭಾಷೆಯ ಚಿತ್ರಗಳನ್ನಾದರೂ ಹಾಗೆ ಒಟ್ಟಿಗೆ ಕೂತು ನೋಡಬಹುದು. ಮೊದಲಿಗೆ ‘ದ್ವೀಪ’ವನ್ನೇ ಇಟ್ಟುಕೊಳ್ಳೋಣ, ಮತ್ತು ಅದನ್ನು ನೋಡಲು ಸೂಪಾ, ಕದ್ರಾ ಕಡೆಯಿಂದ ಎದ್ದು ಬಂದ ಕುಟುಂಬಗಳನ್ನು ಕರೆಯೋಣ ಎಂಬುದು ನನ್ನ ಕೋರಿಕೆ. ಚಿತ್ರ ಮುಗಿದ ಮೇಲೆ ಮೊದಲ ಮಾತು ಅವರದ್ದಾಗಲಿ.